ಕೊಂಬು ನೋಡಿ ಕೊಂಡೆ, ಬಾಯಿ ನೋಡಿ ಬೆಲೆ ಕಟ್ಟಿದೆ

ಪೆಟ್ಟಿಗೆಯ ಒಳಗೆ ಏಳು ಡೈನೋಸಾರ್, ಎರಡು ತಾಳೆಮರ, ಒಂದು ಜರೀಗಿಡ, ಹಾಸಲಿಕ್ಕೆ ಹಸಿರು ಹುಲ್ಲಿನ ಚಾಪೆ, ಮತ್ತೆ ಏಳು ಕಾರ್ಡ್. ಹೊರಗೆ ದೊಡ್ಡ ಅಕ್ಷರದಲ್ಲಿ 'ಕೊಂಬಿನ ಡೈನೋಸಾರ್‌ಗಳು' ಅಂತ ಇಂಗ್ಲಿಷಿನಲ್ಲಿ ಬರೆದಿದೆ. ತಯಾರಿಸಿದವರು ಯಾರು ಅಂತ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ಹುಡುಕಿದರೂ ಇಲ್ಲ. ಅಚ್ಚಾದ ಬೆಲೆ 999 ರೂಪಾಯಿ. ಕಾಸರಗೋಡು ಪೇಟೆಯ ಒಂದು ಅಂಗಡಿಯಲ್ಲಿ ಚೌಕಾಸಿ ಮಾಡಿ 750ಕ್ಕೆ ತಂದೆ. ತಂಗಿಯ ಮೊಮ್ಮಗನಿಗೆ. ಅವನು ಬದಿಯಡ್ಕ ಕಡೆಯ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸು. ರಜೆ ಸಿಕ್ಕಿದರೆ ನಮ್ಮಲ್ಲೇ ಠಿಕಾಣಿ.

ನಾನು ಪಶುಸಂಗೋಪನಾ ಇಲಾಖೆಯಲ್ಲಿ ಲೈವ್‌ಸ್ಟಾಕ್ ಇನ್‌ಸ್ಪೆಕ್ಟರ್ ಆಗಿದ್ದವಳು. ಈಗ ನಿವೃತ್ತಿ. ಹಟ್ಟಿಯಲ್ಲಿ ಇನ್ನೂ ಎರಡು ಕಾಸರಗೋಡು ಗಿಡ್ಡ ದನ ಉಂಟು. ಇಲಾಖೆಯಲ್ಲಿ ಕಲಿತ ಒಂದು ಚಟ ಬಿಟ್ಟಿಲ್ಲ. ಪ್ರಾಣಿ ಕಂಡರೆ ಮೊದಲು ಬಾಯಿ ತೆರೆದು ನೋಡುವುದು. ಪ್ರಾಯ ಎಷ್ಟು, ಏನು ತಿನ್ನುತ್ತದೆ, ತಿಂದದ್ದು ಸರಿಯಾಗಿ ಅಗಿಯುತ್ತದೋ ಇಲ್ಲವೋ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಕೊಂಬು ಏನಿದ್ದರೂ ಸಂತೆಯಲ್ಲಿ ದರ ಏರಿಸಲಿಕ್ಕೆ. ಈ ಆಟಿಕೆಗಳನ್ನೂ ನಾನು ಹಾಗೆಯೇ ನೋಡಿದೆ. ಮಗುವಿಗೆ ಹಿಡಿಸಿತಾ ಅಂತ ಮಾತ್ರ ಗೊತ್ತಾದರೆ ಸಾಕು ಅನ್ನುವವರಿಗೆ ಒಂದೇ ಮಾತು: ಭಾರಿ ಹಿಡಿಸಿತು. ಮುಂದಿನದ್ದು ಉಳಿದವರಿಗೆ.

ಮೊದಲು ಟ್ರೈಸೆರಾಟಾಪ್ಸ್. ಪೆಟ್ಟಿಗೆಯ ಮೇಲಿನ ಚಿತ್ರವೂ ಅದರದ್ದೇ, ಗಾತ್ರದಲ್ಲಿ ದೊಡ್ಡದೂ ಅದೇ. ಸುಮಾರು ಒಂದು ಗೇಣು ಉದ್ದ. ಮೂರು ಕೊಂಬು, ಕುತ್ತಿಗೆಯ ಮೇಲೆ ಮುರದ ಹಾಗೆ ಅಗಲವಾದ ಎಲುಬಿನ ಪಟ್ಟ. ಕೊಂಬಿನ ತುದಿಗೆ ಕಂದು ಬಣ್ಣ ಹಚ್ಚಿ, ಬುಡಕ್ಕೆ ಬರುವಾಗ ತೆಳುವಾಗಿಸಿದ್ದಾರೆ. ಕಣ್ಣಿನ ಮೇಲಿನ ಎರಡು ಕೊಂಬು ಮುಂದಕ್ಕೆ ಬಾಗಿವೆ. ಇದು ಸರಿ. ಬೆಳೆದ ಪ್ರಾಣಿಯಲ್ಲಿ ಹಾಗೆಯೇ. ಮರಿಗಳಲ್ಲಿ ಮೊದಲು ಮೋಟು, ಆಮೇಲೆ ಸ್ವಲ್ಪ ಹಿಂದಕ್ಕೆ, ದೊಡ್ಡದಾದ ಮೇಲೆ ಮುಂದಕ್ಕೆ ತಿರುಗುತ್ತಿದ್ದವು ಅಂತ ಸಿಕ್ಕಿದ ತಲೆಬುರುಡೆಗಳನ್ನು ಜೋಡಿಸಿ ಕಂಡುಕೊಂಡಿದ್ದಾರೆ. ಕರುವಿನ ಕೊಂಬು ಏಳುವುದನ್ನು ನೋಡಿದವರಿಗೆ ಇದರಲ್ಲಿ ಅಂಥ ಆಶ್ಚರ್ಯ ಇಲ್ಲ.

ಆದರೆ ಬಾಯಿ! ಈ ಬೊಂಬೆ ಬಾಯಿ ತೆರೆದುಕೊಂಡು ನಿಂತಿದೆ. ಒಳಗೆ ತುಟಿಯ ತುದಿಯಿಂದ ಹಿಂದಿನವರೆಗೆ ಚೂಪು ಚೂಪು ಬಿಳಿ ಹಲ್ಲು, ಥೇಟು ಮೊಸಳೆ. ನಾನು ಕನ್ನಡಕ ಹಾಕಿ ಬೆಳಕಿಗೆ ಹಿಡಿದು ನೋಡಿದೆ. ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು. ಕೊಕ್ಕಿನ ಒಳಗೂ ಹಲ್ಲು ಕೂರಿಸಿದ್ದಾರೆ.

ಕೊಂಬಿನ ಡೈನೋಸಾರ್‌ಗಳ ಗುರುತೇ ಆ ಕೊಕ್ಕು. ಮೇಲ್ದವಡೆಯ ತುದಿಯಲ್ಲಿ ಒಂದು ಬೇರೆಯೇ ಎಲುಬು ಇದೆ. ಈ ಜಾತಿಯವಕ್ಕೆ ಬಿಟ್ಟು ಬೇರೆ ಯಾವ ಪ್ರಾಣಿಗೂ ಅದು ಇಲ್ಲ. ಕೆಳಗೂ ಅದಕ್ಕೆ ಎದುರಾಗಿ ಇನ್ನೊಂದು. ಎರಡರ ಮೇಲೂ ನಮ್ಮ ಉಗುರು, ದನದ ಗೊರಸು ಆಗಿರುವ ಅದೇ ವಸ್ತುವಿನ ಕವಚ. ಟ್ರೈಸೆರಾಟಾಪ್ಸ್‌ನ ಕೊಕ್ಕಿನಲ್ಲಿ ಹಲ್ಲು ಇಲ್ಲ. ಕೊಕ್ಕು ಹಿಡಿದು ಕೀಳಲಿಕ್ಕೆ, ಕಚ್ಚಿ ತುಂಡು ಮಾಡಲಿಕ್ಕೆ. ನಮ್ಮ ದನಕ್ಕೂ ಮೇಲಿನ ಮುಂಭಾಗದಲ್ಲಿ ಹಲ್ಲು ಇಲ್ಲ, ಗಟ್ಟಿ ವಸಡು ಮಾತ್ರ. ಹಟ್ಟಿಗೆ ಕರೆದುಕೊಂಡು ಹೋಗಿ ಹುಡುಗನಿಗೆ ಅದನ್ನು ತೋರಿಸಿದೆ. "ಹಾಗಾದ್ರೆ ಕಚ್ಚುವುದು ಹೇಗೆ ದೊಡ್ಡಜ್ಜಿ?" ಅಂತ ಕೇಳಿದ. ನಾಲಗೆ ಸುತ್ತಿ ಎಳೆಯುವುದು ಮಾರಾಯ, ನೋಡು ಅಂದೆ. ದನ ಒಂದು ಹಿಡಿ ಹುಲ್ಲನ್ನು ನಾಲಗೆಯಲ್ಲಿ ಸುತ್ತಿ ಜಗ್ಗಿತು. ಅವನು ಬೊಂಬೆಯನ್ನೂ ಅದರ ಬಾಯಿಯ ಹತ್ತಿರ ಹಿಡಿದ. ದನ ಮೂಸಿ ಮುಖ ತಿರುಗಿಸಿತು. ಪ್ಲಾಸ್ಟಿಕ್ಕಿಗೆ ಮೊದಲ ದಿನ ಒಂದು ನಾತ ಇತ್ತು. ಸೋಪು ನೀರಲ್ಲಿ ತೊಳೆದು ಬಿಸಿಲಿಗೆ ಇಟ್ಟ ಮೇಲೆ ಹೋಯಿತು. ನೀವೂ ಹಾಗೇ ಮಾಡಿ.

ಅಸಲಿ ಹಲ್ಲು ಇದ್ದದ್ದು ಹಿಂದೆ, ಕೆನ್ನೆಯ ಒಳಗೆ. ಅದರ ಲೆಕ್ಕ ಕೇಳಿದರೆ ನನಗೆ ಈಗಲೂ ತಲೆ ತಿರುಗುತ್ತದೆ. ದವಡೆಯ ಒಂದೊಂದು ಬದಿಯಲ್ಲಿ 36ರಿಂದ 40 ಕಂಬಸಾಲು. ಒಂದು ಸಾಲಿನಲ್ಲಿ ಒಂದರ ಮೇಲೊಂದು ಪೇರಿಸಿದ 3ರಿಂದ 5 ಹಲ್ಲು. ನಾಲ್ಕು ಬದಿಗೆ ಕೂಡಿಸಿದರೆ 432ರಿಂದ 800. ಎಲ್ಲವೂ ಒಮ್ಮೆಗೇ ಕೆಲಸಕ್ಕೆ ಇಲ್ಲ. ಮೇಲಿನದ್ದು ಸವೆದ ಹಾಗೆ ಕೆಳಗಿನದ್ದು ಎದ್ದು ಬರುತ್ತದೆ, ಸಾಯುವವರೆಗೂ. ದನಕ್ಕೆ ಹಾಲುಹಲ್ಲು ಬಿದ್ದು ಒಂದು ಸಲ ಬಂದರೆ ಮುಗಿಯಿತು. ಒಟ್ಟು 32, ಅದು ಸವೆದ ದನ ಬೈಹುಲ್ಲು ಅಗಿಯಲಾಗದೆ ಬಡಕಲಾಗುತ್ತದೆ. ಹಲ್ಲು ನೋಡಿ ಪ್ರಾಯ ಹೇಳುವ ನಮ್ಮ ವಿದ್ಯೆ ಟ್ರೈಸೆರಾಟಾಪ್ಸ್‌ನ ಮುಂದೆ ನಡೆಯುತ್ತಿರಲಿಲ್ಲ. ಮುದಿಯದಕ್ಕೂ ಹೊಸ ಹಲ್ಲೇ.

ಮತ್ತೆ ಆ ಹಲ್ಲು ಅರೆಯುವ ಹಲ್ಲಲ್ಲ. ದನ ದವಡೆಯನ್ನು ಅಡ್ಡಡ್ಡ ತಿರುಗಿಸಿ ಅರೆಯುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ಟ್ರೈಸೆರಾಟಾಪ್ಸ್‌ನ ಮೇಲಿನ ಹಲ್ಲುಸಾಲು ಹೊರಗಿನಿಂದ, ಕೆಳಗಿನದ್ದು ಒಳಗಿನಿಂದ ಒಂದನ್ನೊಂದು ಸವರಿಕೊಂಡು ನೆಟ್ಟಗೆ ಇಳಿಯುತ್ತಿದ್ದವು. ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುವುದು ಹೇಗೋ ಹಾಗೆ. ನಮ್ಮ ಊರಿನವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ನಾರು ಗಟ್ಟಿಯಾದ ಸೊಪ್ಪು, ದಂಟು ಎಲ್ಲ ತುಂಡು ತುಂಡಾಗಿ ಒಳಗೆ. ಉಳಿದ ಕೆಲಸ ಆ ದೊಡ್ಡ ಹೊಟ್ಟೆಯದ್ದು. ಇಟ್ಟುಕೊಂಡು ಹುಳಿ ಬರಿಸಿ ಕರಗಿಸುವುದು.

2015ರಲ್ಲಿ ಅಮೆರಿಕದ ವಿಜ್ಞಾನಿ ಗ್ರೆಗರಿ ಎರಿಕ್‌ಸನ್ ಮತ್ತು ಅವರ ಜೊತೆಯವರು ಈ ಹಲ್ಲನ್ನು ಕೊಯ್ದು ನೋಡಿದರು. ಹಾವು ಹಲ್ಲಿಗಳ ಕಡೆಯ ಪ್ರಾಣಿಗಳಿಗೆ ಸಾಮಾನ್ಯವಾಗಿ ಹಲ್ಲಿನ ಮುಖ್ಯ ಪದರ ಎರಡೇ ಬಗೆಯದ್ದು. ಟ್ರೈಸೆರಾಟಾಪ್ಸ್‌ನಲ್ಲಿ ಐದು ಬಗೆ ಸಿಕ್ಕಿತು. ಒಂದೊಂದರ ಗಟ್ಟಿತನ ಒಂದೊಂದು ರೀತಿ. ಉಜ್ಜಿದಾಗ ಮೆತ್ತಗಿನದ್ದು ಬೇಗ ಸವೆದು ಗುಳಿ ಬೀಳುತ್ತದೆ, ಗಟ್ಟಿಯದ್ದು ಅಂಚಾಗಿ ನಿಲ್ಲುತ್ತದೆ. ಅಂದರೆ ತಿಂದ ಹಾಗೆಲ್ಲ ಹರಿತವಾಗುವ ಹಲ್ಲು. ಗುಳಿ ಇದ್ದ ಕಾರಣ ಸೊಪ್ಪಿಗೆ ತಾಗುವ ಜಾಗ ಕಡಿಮೆ, ಕತ್ತರಿಸುವುದು ಸಲೀಸು. ಇಷ್ಟು ಚೆಂದದ ಒಂದು ಯಂತ್ರ ಬಾಯಿಯೊಳಗೆ ಇದ್ದ ಪ್ರಾಣಿಗೆ ಮೊಸಳೆ ಹಲ್ಲು ಕೊಟ್ಟು ಕೂರಿಸಿದ್ದಾರಲ್ಲ ಅಂತ ಸಿಟ್ಟು ಬರುತ್ತದೆ. ಬಾಯಿ ಮುಚ್ಚಿಸಿದ್ದರೆ ಅಚ್ಚಿನ ಖರ್ಚೂ ಉಳಿಯುತ್ತಿತ್ತು.

ಕಾಲಿನದ್ದು ಸಣ್ಣ ದೂರು. ಆನೆಯ ಕಾಲು ಮಾಡಿ ನಾಲ್ಕಕ್ಕೂ ಐದೈದು ಉಗುರು ಬಿಡಿಸಿದ್ದಾರೆ. ಮುಂಗಾಲಿಗೆ ಐದು ಬೆರಳು ಸರಿ, ಆದರೆ ಗೊರಸು ಇದ್ದದ್ದು ಮೂರಕ್ಕೆ. ಹಿಂಗಾಲಿಗೆ ನಾಲ್ಕೇ.

ಇನ್ನು ಕಾರ್ಡ್. ನೋಡಲಿಕ್ಕೆ ಚೆಂದ, ಹೊಳೆಯುವ ದಪ್ಪ ಕಾಗದ. ಹೆಸರು, ಉದ್ದ, ತೂಕ, ಊಟ. ಊಟದ ಎದುರು ಏಳೂ ಕಾರ್ಡ್‌ಗಳಲ್ಲಿ 'ಹುಲ್ಲು'. ಅದಕ್ಕೆ ಸರಿಯಾಗಿ ಕೆಳಗೆ ಹಾಸಲು ಹಸಿರು ಹುಲ್ಲಿನ ಚಾಪೆ. ಯಾರೋ ಗೋಮಾಳದಲ್ಲಿ ಬಿಟ್ಟ ದನ ಅಂದುಕೊಂಡಿದ್ದಾರೆ.

ಹುಲ್ಲಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮಕ್ಕಳ ಪುಸ್ತಕಗಳಲ್ಲಿ ಇದರ ಉಲ್ಟಾ ತಪ್ಪು ಕೂಡ ಇರುತ್ತದೆ: ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ ಅಂತ. ಇತ್ತು. ಸಾಕ್ಷಿ ಸಿಕ್ಕಿದ್ದು ನಮ್ಮ ದೇಶದಲ್ಲೇ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾದಲ್ಲಿ ಕಲ್ಲಾಗಿ ಹೋದ ಡೈನೋಸಾರ್ ಸೆಗಣಿ ಸಿಗುತ್ತದೆ. ಅದರೊಳಗೆ ಹುಲ್ಲಿನ ಸೂಕ್ಷ್ಮ ಮರಳುಕಣಗಳು ಇವೆ ಅಂತ 2005ರಲ್ಲಿ ವಂದನಾ ಪ್ರಸಾದ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಹುಲ್ಲು ಕೊಯ್ಯುವಾಗ ಕೈ ಗೀರುತ್ತದಲ್ಲ, ಅದಕ್ಕೆ ಕಾರಣ ಎಲೆಯಲ್ಲಿರುವ ಇಂಥ ಕಣಗಳೇ. ಎಲೆ ಕೊಳೆತರೂ ಅವು ಕೊಳೆಯುವುದಿಲ್ಲ. ಸೆಗಣಿ ಪರೀಕ್ಷೆ ಮಾಡಿಯೇ ಸಂಬಳ ತೆಗೆದುಕೊಂಡ ನನಗೆ ಈ ಸುದ್ದಿ ಓದಿ ಎಷ್ಟು ಖುಷಿಯಾಗಿತ್ತು ಅಂದರೆ, ಆ ದಿನ ಆಫೀಸಿನಲ್ಲಿ ಎಲ್ಲರಿಗೂ ಹೇಳಿದ್ದೆ. ಯಾರೂ ಕೇಳಲಿಲ್ಲ, ಅದು ಬೇರೆ ಮಾತು.

ಆದರೆ ಆ ಸೆಗಣಿ ಕೊಂಬಿನವುಗಳದ್ದು ಅಲ್ಲ. ಉದ್ದ ಕುತ್ತಿಗೆಯ ಟೈಟನೋಸಾರ್‌ಗಳದ್ದು ಅಂತ ಲೆಕ್ಕ. ಅವೂ ಹುಲ್ಲನ್ನು ಉಳಿದ ಸೊಪ್ಪಿನ ಜೊತೆ ಅಷ್ಟಿಷ್ಟು ತಿಂದವು. ಕಣ್ಣು ಹಾಯಿಸಿದಷ್ಟು ದೂರ ಹುಲ್ಲುಗಾವಲು ಅನ್ನುವುದು ಡೈನೋಸಾರ್‌ಗಳು ಹೋಗಿ ಕೋಟಿಗಟ್ಟಲೆ ವರ್ಷಗಳ ನಂತರದ ಮಾತು. ಟ್ರೈಸೆರಾಟಾಪ್ಸ್ ಇದ್ದದ್ದು ಅಮೆರಿಕದ ಪಶ್ಚಿಮ ಭಾಗದಲ್ಲಿ, 6.8 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ. ಮೊಂಟಾನಾ ರಾಜ್ಯದ ಹೆಲ್ ಕ್ರೀಕ್ ಬಂಡೆಗಳಲ್ಲಿ ಅದರ ಎಲುಬು ಧಾರಾಳ. ಅದೇ ಬಂಡೆಗಳಲ್ಲಿ ಎಲೆಗಳ ಅಚ್ಚೂ ಸಿಗುತ್ತದೆ. ಹೆಚ್ಚಿನವು ಹೂ ಬಿಡುವ ಗಿಡಮರಗಳದ್ದು. ಜೊತೆಗೆ ಜರೀಗಿಡ, ಸೂಜಿ ಎಲೆಯ ಮರ. ತಲೆ ಯಾವಾಗಲೂ ತಗ್ಗಿಯೇ ಇರುವ ಪ್ರಾಣಿ ಅದು. ಬಾಯಿಗೆ ಸಲೀಸಾಗಿ ಎಟಕುವುದು ನೆಲದಿಂದ ಒಂದು ಮೀಟರಿನ ಆಸುಪಾಸು. ಅಂದರೆ ಪೊದೆ, ಜರಿ, ಎಳೆ ಗಿಡ. ಅದಕ್ಕಿಂತ ಎತ್ತರದ್ದು ಬೇಕಾದರೆ ಮೈಯ ಭಾರ ಹಾಕಿ ಬಗ್ಗಿಸಿಯೋ ಮುರಿದೋ ತಿಂದಿರಬಹುದು. ಎಂಟೊಂಬತ್ತು ಮೀಟರ್ ಉದ್ದ, ಐದು ಟನ್ನಿಗೂ ಮೇಲೆ ತೂಕ ಇದ್ದವನಿಗೆ ಒಂದು ಗಿಡ ಬಗ್ಗಿಸುವುದು ಏನು ಮಹಾ.

ಹಾಗಾಗಿ ಪೆಟ್ಟಿಗೆಯಲ್ಲಿ ಸುಮ್ನೆ ಮೂಲೆ ತುಂಬಿಸಲು ಹಾಕಿದ ಆ ಒಂದು ಜರೀಗಿಡ ಇಡೀ ಸೆಟ್ಟಿನಲ್ಲೇ ಹೆಚ್ಚು ಸರಿಯಾದ ವಸ್ತು! ನಾಲ್ಕು ಜರೀಗಿಡ ಕೊಟ್ಟು ಚಾಪೆ ಬಿಟ್ಟಿದ್ದರೆ ಒಳ್ಳೆಯದಿತ್ತು. ನಮ್ಮಲ್ಲಿ ಮಳೆಗಾಲ, ಹಿತ್ತಲಿನ ಕೆಂಪುಕಲ್ಲಿನ ಪಾಗಾರದ ಸಂದು ಸಂದಿನಲ್ಲೂ ಜರಿ ಎದ್ದಿದೆ. ಹುಡುಗನಿಗೆ ಅದನ್ನೇ ತೋರಿಸಿದೆ. ಎಲೆ ಮಗುಚಿದರೆ ಅಡಿಯಲ್ಲಿ ಸಾಲಾಗಿ ಕಂದು ಚುಕ್ಕೆ. ಬೆರಳಿಗೆ ಹಿಡಿದರೆ ಹುಡಿ ಅಂಟುತ್ತದೆ. ಅದೇ ಇದರ ಬೀಜದ ಬದಲಿನ ವ್ಯವಸ್ಥೆ. ಅವನು ಚಾಪೆ ಸುತ್ತಿಟ್ಟು ಏಳನ್ನೂ ಪಾಗಾರದ ಮೇಲೆ ಮೇಯಲು ಬಿಟ್ಟ. ಪ್ಲಾಸ್ಟಿಕ್ ತಾಳೆಮರಕ್ಕಿಂತ ಅಲ್ಲಿ ಎಷ್ಟೋ ಚೆಂದ ಕಂಡವು.

ನೆರೆಮನೆಯ ಗಡಿಯಲ್ಲಿ ಒಂದು ಈಂದಿನ ಮರ ಉಂಟು. ಮಲಯಾಳದವರು ಅದರ ಕಾಯಿಯನ್ನು ನೀರಲ್ಲಿ ನೆನೆಸಿ ವಿಷ ತೆಗೆದು ಹುಡಿ ಮಾಡಿ ತಿಂಡಿಗೆ ಬಳಸುತ್ತಾರೆ. ಆ ಗುಂಪಿನ ಮರಗಳು, ಇಂಗ್ಲಿಷಿನಲ್ಲಿ ಸೈಕಾಡ್ ಅನ್ನುವವು, ಡೈನೋಸಾರ್‌ಗಳಿಗಿಂತಲೂ ಹಳಬರು. ಕೊಂಬಿನವು ಇಂಥದ್ದನ್ನೂ ತಿನ್ನುತ್ತಿದ್ದವು ಅಂತ ಪುಸ್ತಕಗಳಲ್ಲಿ ಬರೆಯುತ್ತಾರೆ. ಆ ಗರಿಯನ್ನು ಬೆರಳಲ್ಲಿ ಸವರಿ ನೋಡಿ. ಒರಟು, ತುದಿ ಚುಚ್ಚುತ್ತದೆ. ನನ್ನ ಗಿಡ್ಡ ದನ ಅದರ ಹತ್ತಿರವೂ ಸುಳಿಯುವುದಿಲ್ಲ. ಅಡಿಕೆ ಹಾಳೆಯನ್ನಾದರೂ ಸಣ್ಣಗೆ ಕೊಚ್ಚಿ ಹಿಂಡಿ ಬೆರೆಸಿ ಕೊಟ್ಟರೆ ತಿಂದೀತು. ಇದನ್ನು ಕತ್ತರಿಸಲು ಬೇರೆಯೇ ಬಾಯಿ ಬೇಕು.

ಉಳಿದವುಗಳಿಗೆ ಬರುತ್ತೇನೆ. ಸ್ಟೈರಾಕೊಸಾರಸ್ ಚೆನ್ನಾಗಿದೆ. ಬಾಯಿ ಮುಚ್ಚಿದೆ, ಕೊಕ್ಕು ಸರಿಯಾಗಿ ಬಾಗಿದೆ, ಮೂಗಿನ ಮೇಲೆ ಒಂದೇ ಉದ್ದ ಕೊಂಬು, ಪಟ್ಟದ ಅಂಚಿಗೆ ಈಟಿಗಳು. 1913ರಲ್ಲಿ ಕೆನಡಾದ ಲಾರೆನ್ಸ್ ಲ್ಯಾಂಬ್ ಹೆಸರಿಟ್ಟ ಪ್ರಾಣಿ ಇದು. ಬೊಂಬೆಯ ಈಟಿಗಳು ಬಗ್ಗುವ ರಬ್ಬರಿನವು, ಚುಚ್ಚುವುದಿಲ್ಲ. ಯೋಚನೆ ಮಾಡಿ ಮಾಡಿದ್ದಾರೆ.

ಪಾಕಿರೈನೊಸಾರಸ್ ಹಾಳು. ಮೂಗಿನ ಮೇಲೆ ಕೊಂಬು ನೆಟ್ಟಿದ್ದಾರೆ! ಈ ಪ್ರಾಣಿಯ ವಿಶೇಷವೇ ಅಲ್ಲಿ ಕೊಂಬು ಇಲ್ಲದಿರುವುದು. ಅದರ ಬದಲಿಗೆ ಒರಟಾದ ದಪ್ಪ ಎಲುಬಿನ ಗಡ್ಡೆ. ಸ್ಟೈರಾಕೊಸಾರಸ್‌ನ ಅಚ್ಚನ್ನೇ ಸ್ವಲ್ಪ ತಿದ್ದಿ ಬಣ್ಣ ಬದಲಿಸಿದ್ದಾರೆ ಅಂತ ನನ್ನ ಗುಮಾನಿ. ಹೊಟ್ಟೆಯ ಅಡಿಯ ಜೋಡಣೆಯ ಗೆರೆ ಎರಡರಲ್ಲೂ ಒಂದೇ ಜಾಗದಲ್ಲಿ ಸೊಟ್ಟಗಾಗಿದೆ.

ಕಾಸ್ಮೊಸೆರಾಟಾಪ್ಸ್ ಹುಡುಗನಿಗೆ ಎಣಿಸಲಿಕ್ಕೆ ಒಳ್ಳೆಯದು. ಅಮೆರಿಕದ ಯೂಟಾದಲ್ಲಿ ಸಿಕ್ಕಿದ್ದು, 2010ರಲ್ಲಿ ಹೆಸರಿಟ್ಟದ್ದು. ತಲೆಯಲ್ಲಿ ಒಟ್ಟು 15 ಕೊಂಬು ಮತ್ತು ಕೊಂಬಿನಂಥವು: ಮೂಗಿಗೆ ಒಂದು, ಕಣ್ಣಿನ ಮೇಲೆ ಎರಡು, ಕೆನ್ನೆಗೆ ಎರಡು, ಪಟ್ಟದ ಅಂಚಿಗೆ ಹತ್ತು. ಬೊಂಬೆಯಲ್ಲಿ ಹದಿನೈದೂ ಇವೆ. ಪಟ್ಟದ್ದು ಜುಟ್ಟಿನ ಹಾಗೆ ಮುಂದಕ್ಕೆ ಮಡಚಿಕೊಂಡಿರುವುದನ್ನೂ ಬಿಟ್ಟಿಲ್ಲ. ಹಾಗೆ ಮಡಚಿದ ಕೊಂಬು ಹಾಯಲಿಕ್ಕೆ ಏನೂ ಉಪಯೋಗ ಇಲ್ಲ, ಜೋಡಿಯ ಮುಂದೆ ಮೆರೆಯಲಿಕ್ಕೆ ಇರಬೇಕು ಅನ್ನುತ್ತಾರೆ. ಇರಬಹುದು. ಆದರೆ ಟ್ರೈಸೆರಾಟಾಪ್ಸ್‌ಗಳ ಪಟ್ಟದಲ್ಲಿ ಮಾಸಿದ ಗಾಯದ ಗುರುತು ಸಿಕ್ಕಿವೆ. ಅವು ತಮ್ಮತಮ್ಮಲ್ಲೇ ಕೊಂಬು ಸಿಕ್ಕಿಸಿಕೊಂಡು ಹಾಯುತ್ತಿದ್ದವು ಅಂತ 2009ರಲ್ಲಿ ಒಂದು ಅಧ್ಯಯನ ಬಂತು. ಎರಡು ಹೋರಿ ಒಂದೇ ಗದ್ದೆಯಲ್ಲಿ ಬಿಟ್ಟವರಿಗೆ ಅಧ್ಯಯನ ಬೇಕಾಗಿಲ್ಲ ಬಿಡಿ.

ಪ್ರೊಟೊಸೆರಾಟಾಪ್ಸ್ ಸಣ್ಣದು, ಎರಡು ಮೀಟರಿನ ಆಸುಪಾಸಿನ ಪ್ರಾಣಿ. ಕೊಂಬೇ ಇಲ್ಲ, ಕೊಂಬಿನವರ ದಾಯಾದಿ. ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಕುರಿಮಂದೆಯಷ್ಟು ಸಿಕ್ಕಿವೆ. ಬೊಂಬೆಗೆ ಮರಳಿನ ಬಣ್ಣ ಹೊಡೆದು ಒಳ್ಳೆಯ ಕೆಲಸ ಮಾಡಿದ್ದಾರೆ. ಕಾರ್ಡಿನಲ್ಲಿ ಮಾತ್ರ 'ದಟ್ಟ ಕಾಡು' ಅಂತ ಬರೆದು ಅದನ್ನೂ ಕೆಡಿಸಿದ್ದಾರೆ. ಇದರ ಬಾಯಿಯ ಕಥೆ ಹುಡುಗನಿಗೆ ತುಂಬಾ ಇಷ್ಟವಾಯಿತು. 1971ರಲ್ಲಿ ಒಂದು ಪ್ರೊಟೊಸೆರಾಟಾಪ್ಸ್ ಮತ್ತು ಒಂದು ವೆಲಾಸಿರಾಪ್ಟರ್ ಜಗಳದ ನಡುವೆಯೇ ಮರಳಲ್ಲಿ ಹೂತು ಕಲ್ಲಾದದ್ದು ಸಿಕ್ಕಿತು. ಬೇಟೆಗೆ ಬಂದವನ ಒಂದು ಕೈ ಸೊಪ್ಪು ತಿನ್ನುವವನ ಕೊಕ್ಕಿನಲ್ಲಿ. ಆ ಕೊಕ್ಕಿನ ಬಲ ಎಷ್ಟು ಅಂತ ನೋಡಿ.

ಸೆಟ್ಟಿನ ರಾಜ ಅಂದರೆ ಸಿಟಾಕೊಸಾರಸ್. ಅಂಗೈಯಲ್ಲಿ ಹಿಡಿಸುತ್ತದೆ. ಇದಕ್ಕೂ ಕೊಂಬಿಲ್ಲ, ಕೆನ್ನೆ ಮಾತ್ರ ಎರಡೂ ಕಡೆ ಚೂಪಾಗಿ ಹೊರಗೆ ಚಾಚಿದೆ. ಎರಡು ಕಾಲಲ್ಲಿ ನಿಂತಿದೆ. ಕೊಕ್ಕು ಅಚ್ಚುಕಟ್ಟು, ಗಿಳಿಯದ್ದೇ. ಬಾಲದ ಮೇಲೆ ಬಿರುಗೂದಲಿನ ಸಾಲು. ಜರ್ಮನಿಯ ಫ್ರಾಂಕ್‌ಫರ್ಟ್ ಮ್ಯೂಸಿಯಮ್ಮಿನಲ್ಲಿರುವ ಪಳೆಯುಳಿಕೆಯಲ್ಲಿ ಆ ಕೂದಲೂ ಚರ್ಮದ ಬಣ್ಣದ ಗುರುತೂ ಉಳಿದಿವೆ. ಬೆನ್ನು ಗಾಢ, ಹೊಟ್ಟೆ ತಿಳಿ ಅಂತ 2016ರಲ್ಲಿ ಅದರಿಂದಲೇ ಕಂಡುಹಿಡಿದರು. ಬೊಂಬೆಯಲ್ಲೂ ಹಾಗೆಯೇ ಬಣ್ಣ! ಮಾಡಿದವರಲ್ಲಿ ಒಬ್ಬರಾದರೂ ಓದಿದವರಿದ್ದಾರೆ. ಈ ಪ್ರಾಣಿಯ ಹೊಟ್ಟೆಯ ಜಾಗದಲ್ಲಿ ಕೆಲವು ಸಲ 50ಕ್ಕೂ ಜಾಸ್ತಿ ಸಣ್ಣ ಕಲ್ಲು ಸಿಕ್ಕಿವೆ. ಹಲ್ಲಿನಲ್ಲಿ ಆಗದ ಅರೆಯುವ ಕೆಲಸ ಆ ಕಲ್ಲುಗಳದ್ದು. ಹಾಗಾಗಿ ಕಾಯಿ ಬೀಜಗಳನ್ನೂ ಒಡೆದು ತಿಂದಿರಬಹುದು ಅಂತ ಊಹೆ. ಊರ ಕೋಳಿ ಕೊಯ್ದವರು ಅದರ ಜಠರದಲ್ಲಿ ಇಂಥ ಕಲ್ಲು ನೋಡಿಯೇ ಇರುತ್ತಾರೆ. ಕಾರ್ಡಿನಲ್ಲಿ ಇದಕ್ಕೂ 'ಹುಲ್ಲು'.

ಏಳನೆಯದ್ದು ಕಾರ್ನೊಟಾರಸ್. ಕಣ್ಣಿನ ಮೇಲೆ ಎರಡು ದಪ್ಪ ಕೊಂಬು ಇದೆ ಅನ್ನುವ ಒಂದೇ ಕಾರಣಕ್ಕೆ ಇದನ್ನೂ ಸೇರಿಸಿದ್ದಾರೆ. ಅರ್ಜೆಂಟೀನಾದ ಪಕ್ಕಾ ಮಾಂಸಾಹಾರಿ ಇದು. ಇದರ ಕಾರ್ಡಿನಲ್ಲೂ 'ಹುಲ್ಲು'! ಒಂದು ಕಾರ್ಡ್ ಬರೆದು ಏಳು ಸಲ ಅಂಟಿಸಿದ ಕೆಲಸ. ಬದಲಿಸಿ ಕೊಡುತ್ತೀರಾ ಅಂತ ಅಂಗಡಿಯಲ್ಲಿ ಕೇಳಿದೆ. "ಎಲ್ಲಾಂ ಡೈನೋಸರ್ ತನ್ನೆ ಅಲ್ಲೇ ಚೇಚೀ", ಎಲ್ಲ ಡೈನೋಸಾರೇ ಅಲ್ವಾ ಅಕ್ಕ, ಅಂತ ಅಂಗಡಿಯವನು ಮಲಯಾಳದಲ್ಲಿ ಹೇಳಿ ನಕ್ಕ. ಅವನ ದೃಷ್ಟಿಯಲ್ಲಿ ಸರಿಯೇ. ನಮ್ಮ ಕಾಲದ ಪ್ರಾಣಿಗಳನ್ನು ನೋಡಿ ಬೆಳೆದವರಿಗೆ ಕೊಂಬು ಅಂದರೆ ಸೊಪ್ಪು ತಿನ್ನುವ ಸಾಧು ಅಂತಲೇ ಬರುತ್ತದೆ. ಡೈನೋಸಾರ್‌ಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕಿದ, 2003ರಲ್ಲಿ ಹೆಸರಿಟ್ಟ ರಾಜಾಸಾರಸ್‌ಗೂ ಹಣೆಯಲ್ಲಿ ಗಿಡ್ಡ ಕೊಂಬು ಇತ್ತು. ಅದೂ ಮಾಂಸ ತಿನ್ನುವ ಪ್ರಾಣಿ, ಕಾರ್ನೊಟಾರಸ್‌ನ ಕುಲದ್ದೇ. ಟ್ರೈಸೆರಾಟಾಪ್ಸ್‌ನ ಮನೆತನ ಹೆಚ್ಚಾಗಿ ಇದ್ದದ್ದು ಉತ್ತರ ಅಮೆರಿಕದಲ್ಲಿ. ಚೀನಾದಲ್ಲೂ ಒಂದು ಸಿಕ್ಕಿದೆ. ನಮ್ಮ ಭೂಭಾಗ ಆಗ ಸಮುದ್ರದ ನಡುವೆ ದ್ವೀಪ.

ಕೊಂಬು ನೋಡಿ ದೊಡ್ಡವರೇ ಏಮಾರಿದ್ದಾರೆ. 1887ರಲ್ಲಿ ಅಮೆರಿಕದ ಡೆನ್ವರ್ ಹತ್ತಿರ ಟ್ರೈಸೆರಾಟಾಪ್ಸ್‌ನ ಒಂದು ಜೊತೆ ಕೊಂಬಿನ ತಿರುಳು ಸಿಕ್ಕಾಗ ಪಳೆಯುಳಿಕೆ ತಜ್ಞ ಆತ್ನಿಯಲ್ ಮಾರ್ಷ್ ಅದನ್ನು ದೊಡ್ಡದೊಂದು ಕಾಡೆಮ್ಮೆಯದ್ದು ಅಂತ ತೀರ್ಮಾನಿಸಿ ಹೆಸರೂ ಇಟ್ಟುಬಿಟ್ಟರು. ಹೆಚ್ಚು ಪೂರ್ತಿಯಾದ ತಲೆಬುರುಡೆ ಸಿಕ್ಕಿದ ಮೇಲೆ 1889ರಲ್ಲಿ ಟ್ರೈಸೆರಾಟಾಪ್ಸ್ ಅಂತ ನಾಮಕರಣ. ದನದ ಕೊಂಬು ಮುರಿದದ್ದಕ್ಕೆ ಮದ್ದು ಹಾಕಿದವರಿಗೆ ಇದು ಅರ್ಥವಾಗುತ್ತದೆ. ಮೇಲಿನ ಕೋಡಿನ ಕವಚ ಕಳಚಿದರೆ ಒಳಗೆ ಎಲುಬಿನ ತಿರುಳು, ಬುಡದಲ್ಲಿ ಟೊಳ್ಳು. ಟ್ರೈಸೆರಾಟಾಪ್ಸ್‌ನದ್ದೂ ಹಾಗೆಯೇ. ಕೊಂಬು ಒಂದೇ ಕೊಟ್ಟು ಯಾವ ಪ್ರಾಣಿ ಹೇಳು ಅಂದರೆ ಕಷ್ಟ. ಒಂದು ಹಲ್ಲು ಸಿಕ್ಕಿದ್ದರೆ ಮಾರ್ಷ್ ಕಾಡೆಮ್ಮೆ ಅನ್ನುತ್ತಿರಲಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ.

ಬಾಳಿಕೆ ಚೆನ್ನಾಗಿದೆ. ಪಾಗಾರದಿಂದ ಅಂಗಳಕ್ಕೆ ಬಿದ್ದವು, ಮಳೆಗೆ ನೆನೆದವು, ಟ್ರೈಸೆರಾಟಾಪ್ಸ್‌ನ ಮೂಗಿನ ಕೊಂಬಿನ ಬಣ್ಣ ಸ್ವಲ್ಪ ಹೋದದ್ದು ಬಿಟ್ಟರೆ ಏನೂ ಆಗಿಲ್ಲ. ತಾಳೆಮರದ ಗರಿ ಮೊದಲ ವಾರವೇ ಕಿತ್ತು ಬಂತು. ಬಾಯಿಗೆ ಹಾಕುವ ಪ್ರಾಯದ ಮಕ್ಕಳಿರುವ ಮನೆಗೆ ಬೇಡ. ಸಿಟಾಕೊಸಾರಸ್ ನುಂಗುವಷ್ಟು ಸಣ್ಣದಲ್ಲ, ಆದರೆ ಆ ಗರಿಗಳು ಹೌದು.

ಹಾಗಾದರೆ ತೆಗೆದುಕೊಳ್ಳಬಹುದಾ? 750ಕ್ಕೆ ಸಿಕ್ಕಿದರೆ ತೆಗೆದುಕೊಳ್ಳಿ, 999 ಕೊಡಬೇಡಿ. ಏಳರಲ್ಲಿ ನಾಲ್ಕು ಒಳ್ಳೆಯದಿವೆ. ಕಾರ್ಡ್‌ಗಳನ್ನು ಮಗುವಿನ ಕೈಗೆ ಕೊಡುವ ಮೊದಲು ಊಟದ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ ನೀವೇ ಬರೆಯಿರಿ. ನಾವು ಹಾಗೇ ಮಾಡಿದೆವು. ಟ್ರೈಸೆರಾಟಾಪ್ಸ್‌ಗೆ 'ಜರಿ, ಪೊದೆ, ತಗ್ಗಿನಲ್ಲಿ ಸಿಕ್ಕಿದ ಸೊಪ್ಪು'. ಸಿಟಾಕೊಸಾರಸ್‌ಗೆ 'ಸೊಪ್ಪು, ಕಾಯಿ, ಬೀಜ, ಜೊತೆಗೆ ಕಲ್ಲು'. ಕಾರ್ನೊಟಾರಸ್‌ಗೆ ಏನು ಬರೆಯಬೇಕು ಅಂತ ಹುಡುಗನನ್ನೇ ಕೇಳಿದೆ. ಅವನು ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತು, 'ಉಳಿದ ಆರು' ಅಂತ ಬರೆದ.